ಎರಡೂ ಕಟ್ಟಿ

ನಮ್ಮ ಅತ್ತೆಯ ಮನೆಗೆ ಕಳ್ಳ ನುಗ್ಗಿದರೆ ಅವನಿಗೆ ಪ್ರಾಣಭಯವೇನೂ ಇಲ್ಲ. ಅತ್ತೆ ರಿವಾಲ್ವರಿನಲ್ಲಿ ಗುರಿ ಹೊಡೆಯಲು ಕಲಿತವಳು, ಹೊಡೆದರೆ ತಪ್ಪುವುದಿಲ್ಲ, ಅದೆಲ್ಲ ನಿಜ. ಆದರೆ ಎಡಗಾಲಿಗೆ ಹೊಡೆಯಲೋ ಬಲಗಾಲಿಗೆ ಹೊಡೆಯಲೋ ಎಂದು ಅವಳು ತೀರ್ಮಾನಿಸುವಷ್ಟರಲ್ಲಿ ಆ ಕಳ್ಳ ಎರಡೂ ಕಾಲಿನಲ್ಲಿ ಓಡಿ ಗೊರೂರು ಅಣೆಕಟ್ಟೆ ದಾಟಿರುತ್ತಾನೆ!

ಅತ್ತೆ ಎಂದರೆ ಗಂಡನ ತಾಯಿ ಎಂದುಕೊಳ್ಳಬೇಡಿ. ನನಗಿನ್ನೂ ಮದುವೆಯಾಗಿಲ್ಲ. ಮನೆಯಲ್ಲಿ ರಿವಾಲ್ವರಿನ ಮಾತು ಶುರುವಾದ ಮೇಲೆ ಗಂಡಿನ ಕಡೆಯವರು ಬರುವುದೂ ಸ್ವಲ್ಪ ಕಡಿಮೆಯಾಗಿದೆ. ಇವಳು ನನ್ನ ಅಪ್ಪನ ಅಕ್ಕ. ನಾನೂ ನನ್ನ ತಂಗಿಯೂ ಹಾಸನದಲ್ಲಿ ಅವಳ ಮನೆಯಲ್ಲೇ ಬೆಳೆದವರು. ತಂಗಿ ಈಗ ಮೈಸೂರಿನಲ್ಲಿ ಓದುತ್ತಿದ್ದಾಳೆ. ಅತ್ತೆಯ ಜೊತೆ ಊರೂರು ಸುತ್ತುವ ಭಾಗ್ಯ ನನ್ನ ಪಾಲಿಗೆ ಉಳಿದಿದೆ.

ಅತ್ತೆ ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ ಆಗಿ ನಿವೃತ್ತಳಾದವಳು. ಕೆಲಸ ಬಿಟ್ಟರೂ ಕೊರಳಿನ ವಿಷಲ್ ಬಿಟ್ಟಿಲ್ಲ. ಅಡುಗೆಮನೆಯಲ್ಲಿ ಕೂಗಿದ್ದು ಕುಕ್ಕರೋ ಅತ್ತೆಯೋ ಎಂದು ಪಕ್ಕದ ಮನೆಯವರಿಗೆ ಇವತ್ತಿಗೂ ಗೊಂದಲ. ಅದರಲ್ಲೂ ನಮ್ಮ ಮನೆಯಲ್ಲಿ ಕುಕ್ಕರುಗಳು ಎರಡು. ಒಂದೇ ಅಳತೆ, ಒಂದೇ ಬಣ್ಣ, ಒಂದೇ ದಿನ ಕೊಂಡದ್ದು. ಯಾಕೆ ಎರಡು ಎನ್ನುವಿರಾ? ಅಲ್ಲೇ ಇರುವುದು ಕಥೆ.

ಒಂದೇ ಥರದ ಎರಡು ವಸ್ತುಗಳನ್ನು ಮುಂದಿಟ್ಟು ಒಂದನ್ನು ಆರಿಸು ಎಂದರೆ ಅತ್ತೆಗೆ ಆಗುವುದಿಲ್ಲ. ಕೊಡೆ ಅಂಗಡಿಗೆ ಹೋಗುತ್ತಾಳೆ. ಎರಡು ಕರಿ ಕೊಡೆ ಮುಂದೆ ಬರುತ್ತವೆ. ಇದನ್ನು ಬಿಚ್ಚುತ್ತಾಳೆ, ಅದನ್ನು ಬಿಚ್ಚುತ್ತಾಳೆ, ಎರಡನ್ನೂ ಬಿಚ್ಚಿ ಹಿಡಿದು ಅಂಗಡಿಯೊಳಗೇ ಅತ್ತಿಂದಿತ್ತ ನಡೆಯುತ್ತಾಳೆ. ಅಂಗಡಿಯವನು ಆಕಳಿಸುತ್ತಾನೆ. ನಾನು ರಸ್ತೆಯ ಕಡೆ ಮುಖ ಮಾಡಿ ಇವಳು ಯಾರೋ ನನಗೆ ಗೊತ್ತಿಲ್ಲವೆಂಬಂತೆ ನಿಲ್ಲುತ್ತೇನೆ. ಕೊನೆಗೆ ಒಂದು ನಿಟ್ಟುಸಿರು, ಆಮೇಲೆ ತೀರ್ಪು:

"ಎರಡೂ ಕಟ್ಟಿ!"

ಹೀಗೆ ಬಂದವೇ ಎರಡು ಕುಕ್ಕರು, ಎರಡು ಕೊಡೆ, ಎರಡು ಗೋಡೆ ಗಡಿಯಾರ. ಗಡಿಯಾರಗಳು ಒಂದರ ಮಾತನ್ನು ಇನ್ನೊಂದು ಒಪ್ಪುವುದಿಲ್ಲ. ಸಮಯ ಎಷ್ಟು ಎಂದು ಕೇಳಿದರೆ ನಮ್ಮ ಮನೆಯಲ್ಲಿ ಸರಾಸರಿ ತೆಗೆದು ಹೇಳಬೇಕು.

"ಇನ್ನೊಂದನ್ನ ಬಿಟ್ಟು ಬರೋಕೆ ಏನತ್ತೆ ಕಷ್ಟ?" ಎಂದು ಒಮ್ಮೆ ಕೇಳಿದೆ.

"ಬುಟ್ಟು ಬಂದ್ರೆ ಅದು ಅಲ್ಲೇ ಕೂತ್ಕಂಡು ನಮ್ ಬೆನ್ನೇ ನೋಡ್ತಿರ್ತದೆ ಕಣೇ."

ಕೊಡೆ ನೋಡುತ್ತದಂತೆ! ನಾನು ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿದವಳು. ಅಲ್ಲಿ ಯಾವ ಕೊಡೆಗೂ ಕಣ್ಣಿರಲಿಲ್ಲ.

ಶಾಲೆಯಲ್ಲೂ ಇದೇ ಕಥೆಯಂತೆ. ಖೋಖೋ ತಂಡಕ್ಕೆ ಹುಡುಗಿಯರನ್ನು ಆರಿಸುವಾಗ ಕೊನೆಯ ಜಾಗಕ್ಕೆ ಯಾವಾಗಲೂ ಇಬ್ಬರು ಉಳಿಯುತ್ತಿದ್ದರು. ಅತ್ತೆ ಇಬ್ಬರನ್ನೂ ಬಸ್ಸು ಹತ್ತಿಸುತ್ತಿದ್ದಳು. "ತಂಡದಲ್ಲಿ ಒಬ್ಬಳು ಹೆಚ್ಚಾಗಿದ್ದಾಳಲ್ಲ ಮೇಡಂ?" ಎಂದು ಪಂದ್ಯದ ಮೇಲ್ವಿಚಾರಕರು ಕೇಳಿದರೆ, "ಅವ್ಳು ನೀರ್ ಕೊಡೋಕೆ ಬಂದವ್ಳೆ" ಎನ್ನುತ್ತಿದ್ದಳು. ಸೆಕೆಗಾಲವೋ ಚಳಿಗಾಲವೋ, ನಮ್ಮ ಅತ್ತೆಯ ತಂಡದಷ್ಟು ನೀರು ಕುಡಿದ ತಂಡ ಜಿಲ್ಲೆಯಲ್ಲೇ ಇರಲಿಲ್ಲ.

ಇಂಥವಳು ನಿವೃತ್ತಿಯ ನಂತರ ಹಾಸನದ ರೈಫಲ್ ಕ್ಲಬ್ಬಿಗೆ ಸೇರಿದಳು. ಬೇರೆ ಹೆಂಗಸರು ಭಜನೆಗೆ ಹೋಗುವ ವಯಸ್ಸಿನಲ್ಲಿ ಇವಳು ಕಿವಿಗೆ ಹತ್ತಿ ಇಟ್ಟುಕೊಂಡು ಕಾಗದದ ವೃತ್ತಗಳನ್ನು ತೂತು ಮಾಡತೊಡಗಿದಳು. ಕೈ ಅಲುಗಬಾರದೆಂದು ಮನೆಯಲ್ಲಿ ಸಾಧನೆ ಬೇರೆ: ನೀರು ತುಂಬಿದ ಚೊಂಬನ್ನು ಒಂದು ಕೈಯಲ್ಲಿ ನೀಟಾಗಿ ಮುಂದೆ ಚಾಚಿ ಹಿಡಿದು ಟಿ.ವಿ. ಮುಂದೆ ನಿಲ್ಲುವುದು. ಧಾರಾವಾಹಿಯಲ್ಲಿ ಯಾರಾದರೂ ಅತ್ತರೂ ಚೊಂಬು ಅಲುಗುವುದಿಲ್ಲ. ಬೆಳಿಗ್ಗೆ ಹಾಲಿನವನು ಬಂದಾಗ ಪಾತ್ರೆಯನ್ನೂ ಹಾಗೇ ಚಾಚುತ್ತಾಳೆ, ಒಂದು ಕಣ್ಣು ಮುಚ್ಚಿ. ಅವನು ಈಗ ಹಾಲನ್ನು ಪಕ್ಕದಿಂದ ಬಂದು ಸುರಿಯುತ್ತಾನೆ.

ನನಗೋ ಸದ್ದೆಂದರೆ ಆಗದು. ದೀಪಾವಳಿಯಲ್ಲಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ನಲ್ಲಿ ಬಿಟ್ಟು ಕೂರುವವಳು ನಾನು. ಹಾಗಾಗಿ ಕ್ಲಬ್ಬಿನ ಕಡೆ ತಲೆ ಹಾಕಿರಲಿಲ್ಲ.

ಅತ್ತೆಗೆ ಸ್ವಂತದ್ದೊಂದು ರಿವಾಲ್ವರ್ ಬೇಕೆನಿಸಿತು. ಹೊಸದಲ್ಲ, ಹಳೆಯ ಇಂಗ್ಲೆಂಡಿನದು. ಅದರ ತೂಕ ಕೈಯನ್ನು ನೆಟ್ಟಗೆ ನಿಲ್ಲಿಸುತ್ತದಂತೆ. ಅರ್ಜಿ ಹಾಕಿದಳು, ಪೊಲೀಸರು ಬಂದು ವಿಚಾರಿಸಿದರು, ಅಲೆದಾಡಿ ಅಲೆದಾಡಿ ಕೊನೆಗೆ ಪರವಾನಗಿ ಬಂತು: ಒಂದು ರಿವಾಲ್ವರ್, ಒಂದೇ ಒಂದು, ಅದೂ ಗಡುವಿನೊಳಗೆ ಕೊಳ್ಳಬೇಕು. ಸರ್ಕಾರದ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ!

ಆದರೆ ವಿಧಿ ನೋಡಿ. ಮಾರಾಟಕ್ಕೆ ಸಿಕ್ಕಿದ್ದು ಎರಡು. ಒಂದು ಅರಕಲಗೂಡಿನಲ್ಲಿ, ತಂಬಾಕು ಬೆಳೆಯುವ ಯಜಮಾನರೊಬ್ಬರದು. ಅವರಿಗೆ ಕಣ್ಣು ಮಂದವಾಗಿತ್ತು. ಇನ್ನೊಂದು ಚನ್ನರಾಯಪಟ್ಟಣದಲ್ಲಿ, ತೆಂಗಿನಕಾಯಿ ವ್ಯಾಪಾರದ ಯಜಮಾನರದು. ಅವರಿಗೆ ಕೈ ನಡುಗುತ್ತಿತ್ತು. ಎರಡೂ ಒಂದೇ ಕಂಪನಿ, ಒಂದೇ ಉದ್ದದ ನಳಿಗೆ, ಒಂದೇ ಬಗೆಯ ಮರದ ಹಿಡಿ. ಅಕ್ಕತಂಗಿಯರನ್ನು ಬೇರೆ ಬೇರೆ ಊರಿಗೆ ಮದುವೆ ಮಾಡಿ ಕೊಟ್ಟ ಹಾಗಿದ್ದವು.

ಶುರುವಾಯಿತು ನಮ್ಮ ಯಾತ್ರೆ. ಅರಕಲಗೂಡಿಗೆ ಹೋಗಿ ನೋಡುವುದು, ಅಲ್ಲಿಂದ ಹೊಳೆನರಸೀಪುರದ ಮೇಲೆ ಚನ್ನರಾಯಪಟ್ಟಣಕ್ಕೆ ಹೋಗಿ ನೋಡುವುದು, ಅಷ್ಟರಲ್ಲಿ ಅರಕಲಗೂಡಿನದು ಹೇಗಿತ್ತೆಂದು ಮರೆತುಹೋಗಿ ಮತ್ತೆ ಅಲ್ಲಿಗೇ ಹೋಗುವುದು. ಮನೆಯಲ್ಲಿದ್ದರೂ ಅತ್ತೆಗೆ ಕೂತಲ್ಲಿ ಕೂರಲಾಗದು. ಬಟ್ಟೆ ಒಣಹಾಕುವ ತಂತಿಯ ಕೆಳಗೆ ಆ ತುದಿಯಿಂದ ಈ ತುದಿಗೆ ನಡೆಯುತ್ತಾಳೆ; ಆ ತುದಿಯಲ್ಲಿ "ಅರಕಲಗೂಡು" ಎನ್ನುತ್ತಾಳೆ, ಈ ತುದಿಯಲ್ಲಿ "ಪಟ್ಟಣ" ಎನ್ನುತ್ತಾಳೆ. ಅವಳ ಚಡಪಡಿಕೆ ನನಗೂ ಅಂಟಿತು. ಪುಸ್ತಕ ಹಿಡಿದರೆ ಓದಿದ ಸಾಲನ್ನೇ ಮತ್ತೆ ಓದುತ್ತಿದ್ದೆ.

ಒಂದು ಸಲ ಅಡುಗೆಮನೆಯ ತಕ್ಕಡಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೊರಟಳು. ಅರಕಲಗೂಡಿನ ಯಜಮಾನರು ತಮ್ಮ ರಿವಾಲ್ವರ್ ತಕ್ಕಡಿ ಏರಿದ್ದನ್ನು ಕಂಡು ಗಲ್ಲದ ಮೇಲೆ ಕೈಯಿಟ್ಟರು.

"ಮೇಡಮ್ಮೋರೆ, ಜೀವಮಾನವೆಲ್ಲ ತಂಬಾಕು ತೂಗಿಸಿವ್ನಿ. ಇದನ್ನ ತೂಗ್ದೋರು ನೀವೇ ಮೊದ್ಲು. ಬೇಳೆ ಜೊತೆಗೆ ಹಾಕ್ಕೊಡ್ಲಾ?"

ತೂಕವೂ ಎರಡಕ್ಕೂ ಒಂದೇ ಬಂತು. ಅತ್ತೆ ತಕ್ಕಡಿಯನ್ನೇ ಬೈದಳು.

ಬಂದೂಕು ಪಿಸ್ತೂಲುಗಳಲ್ಲಿ ಹಿಂದಕ್ಕೆ ಎಳೆಯುವ ಕೊಕ್ಕೆಗೆ ಕುದುರೆ ಎನ್ನುತ್ತಾರೆ. ಈ ಮಾತು ಗೊತ್ತಿಲ್ಲದವರ ನಡುವೆ ಕೂತು ಫೋನಿನಲ್ಲಿ ಕಿರುಚಿದರೆ ಏನಾಗುತ್ತದೆ? ಹೊಳೆನರಸೀಪುರದ ಬಸ್ಸಿನಲ್ಲಿ ಅತ್ತೆ ಕ್ಲಬ್ಬಿನ ಕಾರ್ಯದರ್ಶಿಗೆ ವರದಿ ಒಪ್ಪಿಸುತ್ತಿದ್ದಳು:

"ಅರಕಲಗೂಡಿನ ಕುದುರೆ ವಸಿ ಬಿಗಿ ಸಾ. ಪಟ್ಟಣದ್ದು ನಯವಾಗೈತೆ, ಬೆರಳಿಟ್ರೆ ಸಾಕು, ಬತ್ತದೆ."

ಮುಂದಿನ ಸೀಟಿನ ಹಿರಿಯರು ತಿರುಗಿ ಕುಳಿತರು. "ತಾಯೀ, ಕುದ್ರೆ ತಗಳೋರು ನಯ ನೋಡ್ಬಾರ್ದು. ಹಲ್ಲು ನೋಡ್ಬೇಕು."

"ಇದಕ್ಕೆ ಹಲ್ಲಿಲ್ಲ ಕಣಣ್ಣಾ. ಆರು ತೂತವೆ, ಗುಂಡು ಹಾಕೋಕೆ."

ಹಿರಿಯರು ಎದ್ದು ಡ್ರೈವರಿನ ಪಕ್ಕ ಹೋಗಿ ನಿಂತರು. ಅವರ ಊರು ಬರುವವರೆಗೂ ಹಿಂದಿರುಗಿ ನೋಡಲಿಲ್ಲ.

ಕೊನೆಗೆ ಎರಡು ಕಡೆಯ ಯಜಮಾನರನ್ನೂ ಒಂದು ಭಾನುವಾರ ಕ್ಲಬ್ಬಿಗೇ ಕರೆಸಿದಳು. ನಾನು ಗೇಟಿನ ಹೊರಗೆ, ಎರಡು ಕಿವಿಗೂ ಬೆರಳಿಟ್ಟುಕೊಂಡು ನಿಂತಿದ್ದೆ. ಆರು ಗುಂಡು ಇದರಲ್ಲಿ, ಆರು ಗುಂಡು ಅದರಲ್ಲಿ. ಕಾಗದ ತಂದು ನೋಡಿದರೆ ಯಾವ ತೂತು ಯಾರದೆಂದು ಹೇಳುವುದೇ ಕಷ್ಟ.

"ನಡುಮಧ್ಯದ್ದು ನಮ್ದು ಕಣ್ರೀ," ಎಂದರು ತಂಬಾಕಿನ ಯಜಮಾನರು.

"ನಿಮ್ಗೆ ಕಣ್ಣೇ ಕಾಣಾಕಿಲ್ಲ, ಅದೆಂಗೆ ಯೋಳ್ತೀರಿ?" ಎಂದರು ತೆಂಗಿನಕಾಯಿ ಯಜಮಾನರು.

"ನಿಮ್ಗೆ ಕೈ ನಡುಗ್ತದೆ, ತೋರ್ಸೋದೊಂದು ತೂತು, ಬೆರಳು ಓಗೋದೊಂದ್ ತೂತು!"

ಇಬ್ಬರೂ ಜಗಳವಾಡುತ್ತಲೇ ಕ್ಯಾಂಟೀನಿಗೆ ಹೋದರು. ಅತ್ತೆ ಕಾಗದ ಹಿಡಿದು ನಿಂತೇ ಇದ್ದಳು.

ತಂಗಿ ಫೋನ್ ಮಾಡಿದಾಗ ಎಲ್ಲ ಹೇಳಿದೆ. ಅವಳು ನಕ್ಕು, "ಎರಡೂ ತಗೊಳ್ಳಲಿ ಬಿಡೇ" ಎಂದಳು.

"ಸರ್ಕಾರ ಬಿಡಲ್ಲ."

"ಅಯ್ಯೋ, ಪಾಪ," ಎಂದಳು. ಆ ಪಾಪ ಅತ್ತೆಗೋ, ರಿವಾಲ್ವರಿಗೋ, ಸರ್ಕಾರಕ್ಕೋ ತಿಳಿಯಲಿಲ್ಲ.

ಗಡುವು ಮುಗಿಯುತ್ತಾ ಬಂತು. ಇನ್ನು ಬಿಟ್ಟರೆ ಒಂದೂ ಇಲ್ಲ, ಮತ್ತೆ ಮೊದಲಿಂದ ಅಲೆಯಬೇಕು. ನಾನೇ ಗಟ್ಟಿ ಮನಸ್ಸು ಮಾಡಿ ಅವಳನ್ನು ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಕೂರಿಸಿದೆ. "ಅತ್ತೆ, ಯಾವ ಊರಿನ ಬಸ್ಸು ಮೊದಲು ಬರುತ್ತೋ ಆ ಊರಿನ ರಿವಾಲ್ವರ್. ಮುಗೀತು."

ಅರಕಲಗೂಡಿನ ಬಸ್ಸು ಬಂತು. ಅತ್ತೆ ಹತ್ತಿದಳು. ಇಳಿದಳು. ಮತ್ತೆ ಹತ್ತಿದಳು. ಕಂಡಕ್ಟರು ಅವಳ ಹಳೆಯ ಶಿಷ್ಯ. "ಮಿಸ್, ಹತ್ತೋದೋ ಇಳಿಯೋದೋ ಒಂದ್ ಮಾಡಿ. ನೀವೇ ಅಲ್ವಾ ನಮ್ಗೆ ವಿಷಲ್ ಊದಿದ್ ತಕ್ಷಣ ಓಡ್ಬೇಕು ಅಂತಿದ್ದಿದ್ದು?" ಎಂದು ಅವನೇ ರೈಟ್ ಎಂದು ವಿಷಲ್ ಊದಿಬಿಟ್ಟ. ಬಸ್ಸು ಹೊರಟಿತು. ಅರಕಲಗೂಡಿನದೇ ನಿಶ್ಚಯವಾಯಿತು.

ನಾನು ಗೆದ್ದೆನೆಂದುಕೊಂಡೆ. ಆದರೆ ಮರುದಿನ ಅತ್ತೆ ಚನ್ನರಾಯಪಟ್ಟಣಕ್ಕೆ ಹೊರಟು ನಿಂತಳು.

"ಬೇಡ ಅಂತ ಫೋನಲ್ಲಿ ಹೇಳಿದ್ರೆ ಆಗಲ್ವಾ?"

"ಫೋನಲ್ಲಿ ಯೋಳೋ ಮಾತೇನೇ ಇದು? ಎದುರಿಗೆ ನಿಂತ್ ಯೋಳ್ಬೇಕು."

ತೆಂಗಿನಕಾಯಿ ಯಜಮಾನರು ಎಳನೀರು ಕೊಚ್ಚಿಸಿ ಕೊಟ್ಟರು. ಮಾತು ಕೇಳಿ ಬೇಸರ ಮಾಡಿಕೊಳ್ಳಲಿಲ್ಲ. ರಿವಾಲ್ವರನ್ನು ಹಳದಿ ಬಟ್ಟೆಯ ಮೇಲೆ ಇಟ್ಟುಕೊಂಡು ನಡುಗುವ ಕೈಯಲ್ಲೇ ಒರೆಸುತ್ತಿದ್ದರು.

"ಓಗ್ಲಿ ಬುಡಿ. ನಮ್ ಉಡುಗ್ರಿಗೆ ಇದು ಬ್ಯಾಡವಂತೆ. ಸ್ಟೇಸನ್ನಿಗೆ ಒಪ್ಪುಸ್ಬುಡ್ತೀನಿ."

"ಆಮೇಲೆ?" ಎಂದಳು ಅತ್ತೆ.

"ಆಮೇಲೇನು? ಯಾವತ್ತೋ ಒಂದಿನ ಎಲ್ಲ ಒಟ್ಟಾಕಿ ಒಡೆದಾಕ್ತಾರಂತೆ. ಯಾರಿಗೂ ಬ್ಯಾಡ್ದಿದ್ದನ್ನ ಎಷ್ಟ್ ದಿನ ಇಟ್ಕತಾರೆ?"

ಅತ್ತೆ ವಿಷಲ್ಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಆ ಹಳದಿ ಬಟ್ಟೆಯನ್ನೇ ನೋಡುತ್ತಿದ್ದಳು. ಆ ನೋಟವನ್ನು ನಾನು ಅಂಗಡಿಗಳಲ್ಲಿ ನೋಡಿ ನೋಡಿ ನಕ್ಕವಳು. ಆದರೆ ಅದನ್ನು ಮೊದಲು ನೋಡಿದ್ದು ಯಾವ ಅಂಗಡಿಯಲ್ಲೂ ಅಲ್ಲ.

ಹೊಳೆನರಸೀಪುರದ ನಮ್ಮ ಬಾಡಿಗೆ ಮನೆಯಲ್ಲಿ, ನಾವಿನ್ನೂ ಚಿಕ್ಕವರಿದ್ದಾಗ. ಅಮ್ಮ ತೀರಿಹೋಗಿದ್ದಳು. ಅಪ್ಪ ಲಾರಿ ಓಡಿಸುತ್ತಿದ್ದ, ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ನಡುಮನೆಯಲ್ಲಿ ಹಿರಿಯರೆಲ್ಲ ಕೂತು ತೀರ್ಮಾನ ಮಾಡಿದ್ದರು: ಅತ್ತೆ ಒಂಟಿ ಹೆಂಗಸು, ಒಂದು ಮಗುವನ್ನು ಸಾಕಿದರೆ ಅದೇ ಹೆಚ್ಚು, ಇನ್ನೊಂದನ್ನು ಎಲ್ಲಾದರೂ ಸೇರಿಸಿದರಾಯಿತು. ನಾನೂ ತಂಗಿಯೂ ಒಂದೇ ಬಟ್ಟೆಯಲ್ಲಿ ಹೊಲಿಸಿದ ಲಂಗ ತೊಟ್ಟು ಗೋಡೆಗೆ ಒರಗಿ ನಿಂತಿದ್ದೆವು. "ದೊಡ್ಡೋಳು ಕೈಗೆ ಬಂದವ್ಳೆ, ಕೆಲಸಕ್ಕಾಯ್ತಾಳೆ. ಚಿಕ್ಕೋಳು ಬೇಗ ಒಗ್ಗತಾಳೆ. ನೋಡು, ನಿಂಗ್ಯಾವ್ದು ಸರಿ," ಎಂದು ಯಾರೋ ಹೇಳುತ್ತಿದ್ದರು. ತಂಗಿ ನನ್ನ ಲಂಗದ ಚುಂಗು ಹಿಡಿದಿದ್ದಳು. ನಾನು ಬೆನ್ನು ನೆಟ್ಟಗೆ ಮಾಡಿ, ಆದಷ್ಟು ಒಳ್ಳೆಯ ಹುಡುಗಿಯಂತೆ ಕಾಣಲು ನೋಡುತ್ತಿದ್ದೆ.

ಅತ್ತೆ ನನ್ನನ್ನು ನೋಡಿದಳು. ತಂಗಿಯನ್ನು ನೋಡಿದಳು. ಮತ್ತೆ ನನ್ನನ್ನು ನೋಡಿದಳು.

ಅಜ್ಜಿ ಪೆಟ್ಟಿಗೆ ತೆಗೆದು ಕೇಳಿದರು: "ಯಾರ್ ಬಟ್ಟೆ ಕಟ್ಲವ್ವಾ?"

"ಎರಡೂ ಕಟ್ಟಿ," ಎಂದಿದ್ದಳು ಅತ್ತೆ.

ಚನ್ನರಾಯಪಟ್ಟಣದ ಆ ಜಗಲಿಯ ಮೇಲೆ ನನ್ನ ಎಳನೀರು ಹಾಗೇ ಇತ್ತು. ಹೊರಗಿನವರ ಮುಂದೆ ನಾನಾಗಿ ಬಾಯಿ ತೆರೆಯುವವಳಲ್ಲ. ಆದರೂ ನನ್ನದೇ ದನಿ ಕೇಳಿಸಿತು.

"ಒಡೆಯೋಕೆ ಕೊಡಬೇಡಿ ಸಾರ್. ನನ್ನ ಹೆಸರಲ್ಲಿ ಲೈಸೆನ್ಸಿಗೆ ಹಾಕ್ತೀನಿ. ಸ್ವಲ್ಪ ದಿನ ಇಟ್ಕೊಂಡಿರಿ."

ಯಜಮಾನರು ಒರೆಸುವುದನ್ನು ನಿಲ್ಲಿಸಿದರು. "ಕ್ಲಬ್ಬಿನ ಗೇಟ್ ವಳಿಕ್ಕೇ ಬರ್ನಿಲ್ವಲ್ಲವ್ವಾ ನೀನು?" ಎಂದರು. ಆಮೇಲೆ, "ಇನ್ನೂ ನನ್ ಲೈಸೆನ್ಸು ಮುಗಿದಿಲ್ಲ. ಕಾಯ್ತೀನಿ, ಬಾ," ಎಂದು ಹಳದಿ ಬಟ್ಟೆಯನ್ನು ಮಡಿಸಿದರು.

ಬಸ್‌ಸ್ಟ್ಯಾಂಡಿನವರೆಗೂ ಅತ್ತೆ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಚಡಪಡಿಸದೆ ಸುಮ್ಮನೆ ಕೂತ ಅತ್ತೆಯನ್ನು ನೋಡಿ ಎಷ್ಟೋ ದಿನವಾಗಿತ್ತು.

"ಪಟಾಕಿ ಸದ್ದಿಗೇ ಬಚ್ಚಲು ಸೇರ್ಕತೀಯ," ಎಂದಳು ಕೊನೆಗೆ.

"ಕಿವಿಗೆ ಹತ್ತಿ ಇಟ್ಕೋತೀನಿ."

ಅವಳು ಮೂಗು ಒರೆಸಿಕೊಂಡಳು. ಆಮೇಲೆ ಪಿ.ಟಿ. ಮೇಡಂ ದನಿಯಲ್ಲಿ, ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದಳು:

"ಎರಡೂ ಕಿವಿಗೆ ಇಟ್ಕೋ."