ಕರೆಯದಿದ್ದರೂ ಬರುವವರು

ಬೆರಳೆಣಿಕೆಯ ಮನೆಗಳಿರುವ ಸಭೆಯಲ್ಲಿ ಒಬ್ಬರು ಸೀನಿದರೆ ಉಳಿದವರೆಲ್ಲ ಬಾಗಿಲಲ್ಲಿ ಹಾಜರ್. ಮಹಾರಾಜರ ಕಾಲದಲ್ಲಿ ಮಧುಗಿರಿ ಸುತ್ತಲಿನ ಊರುಗಳ ನಮ್ಮ ಕ್ರೈಸ್ತ ಸಭೆ ಇದ್ದದ್ದೇ ಹಾಗೆ. ನಮ್ಮ ಯಜಮಾನರು ಅಲ್ಲಿ ಉಪದೇಶಿ. "ಯಾರಿಗೆ ಏನಾದರೂ ಓಡ್ತೀರಲ್ಲ, ಅಲ್ಲಿಗೆ ಹೋಗಿ ಏನು ಮಾಡ್ತೀರಿ?" ಅಂತ ನಾನು ಕೇಳಿದರೆ, "ಮಾಡೋದೇನು ಬಂತು? ಹೋಗೋದೇ ಕೆಲಸ" ಅನ್ನುತ್ತಿದ್ದರು. ಹಾಗೆ ಹೋದ ಕಡೆಯಲ್ಲೆಲ್ಲ ಏನಾದರೊಂದು ತಮಾಷೆ ನಡೆಯದೆ ಇರುತ್ತಿರಲಿಲ್ಲ.

ಜ್ವರ ಓಡಿದ್ದು

ಕೊರಟಗೆರೆಯಲ್ಲಿ ನಮ್ಮವಳೊಬ್ಬಳು ಅಜ್ಜಿ, ಒಂಟಿ ಜೀವ. ಚಳಿಜ್ವರ ಬಂದು ಮಲಗಿದ್ದಾಳೆ, ಅನ್ನ ಬಿಟ್ಟಿದ್ದಾಳೆ, "ನನ್ನ ಕಾಲ ಮುಗೀತು" ಅಂತ ಗೋಡೆ ಕಡೆ ತಿರುಗಿದ್ದಾಳೆ ಅಂತ ಸುದ್ದಿ ಬಂತು. ಗಂಜಿ ಕಾಯಿಸಿಕೊಂಡು, ಗಾಡಿ ಕಟ್ಟಿಸಿಕೊಂಡು ಎಲ್ಲರೂ ಹೊರಟೆವು. ಮನೆ ಪುಟ್ಟದು. ಹಿಡಿಸಿದಷ್ಟು ಜನ ಒಳಗೆ ನುಗ್ಗಿದೆವು, ಉಳಿದವರು ಕಿಟಕಿಯಲ್ಲಿ ತಲೆ ತೂರಿಸಿದರು. ಯಜಮಾನರು ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದರು. ಅವರ ಪ್ರಾರ್ಥನೆ ಕೊಂಚ ಉದ್ದ. ನಡುವೆ ಒಗ್ಗರಣೆಯ ವಾಸನೆ ಮೂಗಿಗೆ ಬಡಿಯಿತು. ಕಣ್ಣು ಬಿಟ್ಟರೆ ಚಾಪೆ ಖಾಲಿ! ಅಜ್ಜಿ ಸೆರಗು ಬಿಗಿದು ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಾಳೆ.

"ಅಯ್ಯೋ, ಮಲಕ್ಕೊಳಜ್ಜಿ! ನಾವೇ ಗಂಜಿ ತಂದಿದ್ದೀವಿ" ಅಂದೆ.

"ಸುಮ್ಕಿರಮ್ಮ! ಮನೆಗ್ ಬಂದೋರ್ನ ಬರೀ ಹೊಟ್ಟೇಲಿ ಕಳ್ಸಿ ಸಾಯಕ್ಕಾಯ್ತದಾ?"

ನಾವು ಉಣ್ಣುವಷ್ಟರಲ್ಲಿ ಅವಳ ಮೈ ಬೆವೆತು ಜ್ವರ ಇಳಿದಿತ್ತು. ಅವಳೂ ಒಂದು ಮುದ್ದೆ ಮುಗಿಸಿದಳು. ಯಜಮಾನರು ಬೀಗುತ್ತ, "ನೋಡಿದ್ಯಾ ಅಜ್ಜಿ, ಪ್ರಾರ್ಥನೆ ಹೆಂಗೆ ಕೆಲಸ ಮಾಡ್ತು?" ಅಂದರು.

"ಮಾಡ್ದೇ ಏನು? ಇನ್ನೊಂಚೂರು ಚಿಕ್ಕದಾಗಿದ್ರೆ ಸಾರೇ ಕುದೀತಿರ್ಲಿಲ್ಲ ಕಣಪ್ಪ!"

ಸಾಕ್ಷಿಗಳು

ಶಿರಾದಲ್ಲಿ ನಮ್ಮ ಸಭೆಯ ಒಬ್ಬ ಬಡಗಿ. ಮೇಕೆ ಎದುರಿಗೆ ಬಂದರೆ ದಾರಿ ಬಿಟ್ಟು ನಿಲ್ಲುವಷ್ಟು ಪುಕ್ಕಲ. ಅಂಥವನ ಮೇಲೆ ಪಕ್ಕದ ಮನೆಯವನು "ನಮ್ಮ ಮೇಕೆ ಕದ್ದ" ಅಂತ ಫಿರ್ಯಾದು ಕೊಟ್ಟ. ಜೈಲೇ ಗತಿ ಅಂತ ಬಡಗಿಯ ಹೆಂಡತಿ ಅತ್ತು ಕರೆದಳು. ವಿಚಾರಣೆಯ ದಿನ ಸಭೆಗೆ ಸಭೆಯೇ ಕಚೇರಿಗೆ ಹೋಗಿ ಕೂತೆವು. ಜವಾನನ ಸ್ಟೂಲನ್ನೂ ಬಿಡಲಿಲ್ಲ.

ಅಮಲ್ದಾರರು ಕನ್ನಡಕ ಮೇಲಕ್ಕೇರಿಸಿ ನೋಡಿದರು. "ಏನಿದು? ಇವರೆಲ್ಲ ಸಾಕ್ಷಿಗಳೋ?"

ನಾವು ಬಾಯಿ ತೆರೆಯುವ ಮೊದಲೇ ಫಿರ್ಯಾದು ಕೊಟ್ಟವನ ಮುಖ ಬಿಳುಚಿಕೊಂಡಿತು. "ಇಷ್ಟೊಂದ್ ಜನ ನೋಡ್ಬುಟ್ರಾ?" ಅಂತ ಅವನ ಬಾಯಿಂದ ಜಾರಿತು.

"ಏನನ್ನ ನೋಡಿದ್ದು?" ಅಮಲ್ದಾರರು ತಿರುಗಿದರು.

"ಸಂತೇಲಿ... ನಾನೇ ಮಾರಿದ್ದು ಸ್ವಾಮಿ. ಮೇಕೆ ನಮ್ಮಣ್ಣಂದು. ಗೊತ್ತಾದ್ರೆ ಅವ್ನು ಹುಟ್ಲಿಲ್ಲ ಅನ್ನಿಸ್ತಾನೆ. ಅದ್ಕೇ ಇವನ ಮೇಲೆ ಹೇಳ್ಬುಟ್ಟೆ."

ಬಡಗಿಯನ್ನು ಅಲ್ಲೇ ಬಿಡುಗಡೆ ಮಾಡಿದರು. ಅಮಲ್ದಾರರು ನಮ್ಮ ಯಜಮಾನರನ್ನು ಕರೆದು, "ನಿಜಕ್ಕೂ ನೀವೇನು ನೋಡಿದಿರಿ?" ಅಂದರು.

"ಏನೂ ಇಲ್ಲ ಸ್ವಾಮಿ. ಪಾಪ, ಇವನೊಬ್ಬನೇ ನಿಲ್ಲಬಾರದು ಅಂತ ಬಂದ್ವಿ."

"ಭಲೇ! ಏನೂ ನೋಡದೆ ಕೇಸು ಗೆಲ್ಲಿಸೋ ಸಾಕ್ಷಿಗಳನ್ನ ನಾನು ನೋಡಿದ್ದು ಇದೇ ಮೊದಲು."

ಕೊಡುವವರು ಯಾರು?

ಇವೆಲ್ಲವನ್ನೂ ಮೀರಿಸಿದ್ದು ಪಾವಗಡದ ಮದುವೆ. ಹುಡುಗಿಗೆ ತಂದೆತಾಯಿ ಇಲ್ಲ. ನಮ್ಮ ಮಿಷನ್ ಹಾಸ್ಟೆಲಿನಲ್ಲಿ ಬೆಳೆದು, ಪಾವಗಡದ ಕಡೆ ಹಳ್ಳಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಗಂಡು ಬೆಂಗಳೂರಿನ ಕಂಪೌಂಡರು, ದೊಡ್ಡ ಬಳಗ. ಗಂಡಿನ ಸೋದರತ್ತೆ, "ಹೆಣ್ಣಿನ ಕಡೆ ಬೆಂಚೆಲ್ಲ ಖಾಲಿ ತಾನೆ? ನಮ್ಮ ಕೊಡೆಗಳನ್ನ ಇಡೋಕೆ ಅನುಕೂಲವಾಯ್ತು" ಅಂದದ್ದು ಹುಡುಗಿಯ ಕಿವಿಗೆ ಬಿತ್ತು. ಮದುವೆಯ ಹಿಂದಿನ ದಿನ ನನ್ನ ಕೈ ಹಿಡಿದುಕೊಂಡು, "ಅಕ್ಕಾ, ಒಂದು ಬೆಂಚಾದರೂ ತುಂಬುತ್ತಾ?" ಅಂದಳು.

ಮಾರನೆಯ ಬೆಳಿಗ್ಗೆ ನೋಡಬೇಕಿತ್ತು! ಮಧುಗಿರಿ, ಶಿರಾ, ಕೊರಟಗೆರೆಯ ನಮ್ಮವರೆಲ್ಲ ಬಂದಿಳಿದರು. ಅವಳು ಅಕ್ಷರ ಕಲಿಸಿದ ಮಕ್ಕಳ ಅಪ್ಪಂದಿರು, ಕುರಿ ಕಾಯುವವರು, ಕಂಬಳಿ ಹೊದ್ದು ನಿಡುಗಲ್ಲಿನಿಂದ ಬಂದರು. ಚರ್ಚಿನಲ್ಲಿ ಹೆಣ್ಣಿನ ಕಡೆಯ ಬೆಂಚು ತುಂಬಿ, ಗಂಡಿನ ಕಡೆಯವೂ ತುಂಬಿ, ಸೋದರತ್ತೆ ಕೊಡೆ ಹಿಡಿದು ಗೋಡೆಗೊರಗಿ ನಿಂತಳು.

ಪಾದ್ರಿಗಳು ಪದ್ಧತಿಯಂತೆ ಕೇಳಿದರು: "ಈ ಸ್ತ್ರೀಯನ್ನು ಈ ಪುರುಷನಿಗೆ ಮದುವೆ ಮಾಡಿಕೊಡುವವರು ಯಾರು?"

"ನಾನು" ಅಂತ ನಮ್ಮ ಯಜಮಾನರು ಹೇಳುವುದೆಂದು ಮೊದಲೇ ನಿಶ್ಚಯವಾಗಿತ್ತು. ಅವರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಕುರಿಗಾಹಿ ಮುದುಕ ಎದ್ದು, "ನಮ್ ಪಿಲ್ಲ, ನಮ್ ಹುಡ್ಗಿ ಕಣಯ್ಯ, ನಾನೇ ಕೊಡಾದು!" ಅಂದ. "ನೀನ್ಯಾರು? ತಲೆ ಬಾಚಿ ಬೆಳೆಸಿದೋಳು ನಾನು!" ಅಂತ ಹಾಸ್ಟೆಲಿನ ಅಡುಗೆಯವಳು ಎದ್ದಳು. ಆಮೇಲೆ ಕೇಳಬೇಕೇ? "ನಾವು! ನಾವು!" ಅಂತ ಚರ್ಚಿಗೆ ಚರ್ಚೇ ಎದ್ದು ನಿಂತಿತು. ನಾನೂ ಎದ್ದುಬಿಟ್ಟಿದ್ದೆ.

"ಒಬ್ಬರು ಸಾಕು, ಒಬ್ಬರು ಸಾಕು!" ಅಂತ ಪಾದ್ರಿಗಳು ಕೈ ಆಡಿಸಿದರು. ಯಾರೂ ಕೂರಲಿಲ್ಲ. ಹುಡುಗಿ ಮುಸುಕಿನೊಳಗೆ ಅಳುತ್ತ ನಗುತ್ತಿದ್ದಳು.

ಮದುವೆ ಗಂಡು ಒಮ್ಮೆ ತಿರುಗಿ ಆ ಮಾವಂದಿರ ದಂಡನ್ನು ನೋಡಿದ. ಹಣೆ ಒರೆಸಿಕೊಂಡು, ಪಕ್ಕದಲ್ಲಿದ್ದ ಗೆಳೆಯನಿಗೆ ಮೆಲ್ಲಗೆ ಅಂದದ್ದು ಇಡೀ ಚರ್ಚಿಗೆ ಕೇಳಿಸಿತು:

"ಲೇ, ಅನಾಥೆ ಅಂದಿದ್ರಲ್ಲೋ!"