ಲೇದಪ್ಪನ ತಾಯಿ

ನಾನು ಜಂಗಮಕೋಟೆಯಲ್ಲಿ ಬ್ಲೌಸ್ ಹೊಲಿಯುವವಳು. ನನ್ನ ಟೇಪಿನಲ್ಲಿ ಅಳತೆ ತಪ್ಪಿದ್ದು ಕಡಿಮೆ. ಆದರೆ ಯಾವ ಆಫೀಸಿಗೆ ಕಾಲಿಟ್ಟರೂ ಏನಾದರೊಂದು ಎಡವಟ್ಟಾಗದೆ ಮನೆಗೆ ವಾಪಸ್ ಬಂದದ್ದಿಲ್ಲ. ರೇಷನ್ ಕಾರ್ಡಿನ ಪ್ರಕಾರ ನಾನು ನಮ್ಮತ್ತೆಗಿಂತ ಎರಡು ವರ್ಷ ದೊಡ್ಡವಳು. ವೋಟರ್ ಕಾರ್ಡಿನಲ್ಲಿ ನನ್ನ ಹೆಸರಿನ ಪಕ್ಕ ಎದುರುಮನೆ ಯಜಮಾನರ ಫೋಟೊ ಇತ್ತು, ಮೀಸೆ ಸಮೇತ. ಅದನ್ನೆಲ್ಲ ಹಣೆಬರಹ ಅಂತ ಸುಮ್ಮನಿದ್ದೆ. ಮಗಳ ಹೆಸರಿನ ವಿಷಯಕ್ಕೆ ಬಂದಾಗ ಮಾತ್ರ ಸುಮ್ಮನಿರಲು ಆಗಲಿಲ್ಲ.

೧. ನಾಮಕರಣ

ಮಗಳು ಹುಟ್ಟಿದ್ದು ಚಿಂತಾಮಣಿಯ ಆಸ್ಪತ್ರೆಯಲ್ಲಿ. ನನ್ನ ತವರು ಅಲ್ಲೇ ಹತ್ತಿರ, ಕೆಂಚಾರ್ಲಹಳ್ಳಿ. ನಾನಿನ್ನೂ ಮಂಚದ ಮೇಲೆ ಮಲಗಿದ್ದಾಗ ಹುಟ್ಟಿದ ಮಕ್ಕಳ ವಿವರ ಬರೆದುಕೊಳ್ಳಲು ಒಬ್ಬ ಗುಮಾಸ್ತರು ಬಂದರು. ಧಾರವಾಡದ ಕಡೆಯವರು, ತೆಲುಗು ಒಂದಕ್ಷರ ಬಾರದು. ನಮ್ಮಮ್ಮನಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿ ತೆರೆದರೆ ಬರುವುದು ತೆಲುಗೇ.

"ಕೂಸಿನ ಹೆಸರೇನ್ರಿ?" ಅಂತ ಅವರು ಕೇಳಿದರು.

ಹೆಸರಿಡುವುದು ಇನ್ನೂ ಆಗಿರಲಿಲ್ಲ. ಅಮ್ಮ "ಲೇದಪ್ಪಾ" ಅಂದಳು. ಇಲ್ಲಪ್ಪಾ ಅಂತ. ಅವರು ಹಾಗೇ ಬರೆದುಕೊಂಡು ಮುಂದಿನ ಮಂಚಕ್ಕೆ ಹೋದರು.

ಹಾಗೆ ಬಂದ ಜನನ ಸರ್ಟಿಫಿಕೇಟು ಮಡಿಸಿದ ಮಡಿಕೆಯಲ್ಲೇ ಟ್ರಂಕಿನಲ್ಲಿ ಹನ್ನೆರಡು ವರ್ಷ ಬಿದ್ದಿತ್ತು. ಸ್ಕೂಲಿನಲ್ಲಿ ನಾವು ಬಾಯಲ್ಲಿ ಹೇಳಿದಂತೆ ಪವಿತ್ರ ಅಂತ ಬರೆದುಕೊಂಡರು. ಪವಿತ್ರ ಖೊಖೊದಲ್ಲಿ ಯಾರ ಕೈಗೂ ಸಿಗದ ಹುಡುಗಿ. ಏಳನೇ ಕ್ಲಾಸಿನಲ್ಲಿರುವಾಗ ಅವಳನ್ನು ಕ್ರೀಡಾ ಹಾಸ್ಟೆಲ್ಲಿಗೆ ಆರಿಸಿದರು. ಊಟ, ಓದು, ಆಟ ಎಲ್ಲ ಅಲ್ಲೇ. ಅವಳಂತೂ ಕ್ಯಾನ್ವಾಸ್ ಶೂ ತೊಳೆದು ದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದಳು. ವಯಸ್ಸಿಗೆ ಪುರಾವೆಯಾಗಿ ಜನನ ಪತ್ರ ಬೇಕು ಅಂದಾಗ ನಾನು ಹೆಮ್ಮೆಯಿಂದ ಟ್ರಂಕು ತೆಗೆದು, ಬಿಚ್ಚಿಯೂ ನೋಡದೆ ಆಟದ ಮೇಷ್ಟ್ರ ಕೈಗೆ ಕೊಟ್ಟೆ.

ಹೆಸರು: ಲೇದಪ್ಪ. ಲಿಂಗ: ಹೆಣ್ಣು.

ಮೇಷ್ಟ್ರು ಓದಿದರು. ನನ್ನ ಮಗಳನ್ನು ನೋಡಿದರು. ಮತ್ತೆ ಓದಿದರು. ಆಮೇಲೆ ಮೆಲ್ಲಗೆ ಕೇಳಿದರು: "ಇವ್ನು ಎಲ್ಲಮ್ಮಾ, ಬರ್ಲಿಲ್ವಾ?"

೨. ಕಂಕುಳ ಹಿಡಿಯುವ ಬ್ಲೌಸು

ಹಾಸ್ಟೆಲ್ಲಿನ ಅರ್ಜಿಯ ಜೊತೆ ಆ ಪತ್ರದ ಜೆರಾಕ್ಸನ್ನೇ ಚಿಕ್ಕಬಳ್ಳಾಪುರದ ಕ್ರೀಡಾ ಆಫೀಸಿಗೆ ಕಳಿಸಿ ಮೇಷ್ಟ್ರು ಹೇಳಿದರು, "ಶನಿವಾರದೊಳಗೆ ತಿದ್ಸಿ ತಂದ್ಕೊಡಿ. ಇಲ್ದಿದ್ರೆ ಸೀಟು ಮುಂದಿನ ಹುಡುಗೀಗೆ ಹೋಗುತ್ತೆ."

ಸೋಮವಾರ ಚಿಂತಾಮಣಿಗೆ ಹೋದೆ. ಯಾವ ಆಫೀಸು ಅಂತ ಕೇಳಬೇಡಿ, ನನಗೆ ಇನ್ನೊಂದು ಕೆಲಸ ಅಲ್ಲಿ ಬೀಳಬಹುದು. ಜನನ ಮರಣದ ಟೇಬಲಿನ ಹಿಂದೆ, ಫ್ಯಾನಿನ ಕೆಳಗೆ ಒಬ್ಬ ಕೂತಿದ್ದ. ಶರ್ಟಿನ ಗುಂಡಿಗಳನ್ನೆಲ್ಲ ಒಂದೊಂದು ಕಾಜ ತಪ್ಪಿಸಿ ಹಾಕಿಕೊಂಡಿದ್ದ. ಪೆನ್ನಿನ ಮುಚ್ಚಳದಿಂದ ಕಿವಿ ಕೆರೆಯುತ್ತಿದ್ದ. ನನಗೆ ಆಗಲೇ ಅನುಮಾನ ಬರಬೇಕಿತ್ತು, ಆದರೆ ಕುರ್ಚಿಯಲ್ಲಿ ಕೂತವರ ಮೇಲೆ ಅನುಮಾನ ಪಡುವ ಅಭ್ಯಾಸ ನಮ್ಮ ಮನೆತನದಲ್ಲೇ ಇಲ್ಲ.

ಅರ್ಜಿ ಇಸ್ಕೊಂಡು ಓದಿದ. ಬಿದ್ದು ಬಿದ್ದು ನಕ್ಕ. ಕಾಯುತ್ತಿದ್ದವರಿಗೆಲ್ಲ ಕೇಳುವ ಹಾಗೆ ಜೋರಾಗಿ ಇನ್ನೊಮ್ಮೆ ಓದಿದ. ನಾನು ನೆಲ ನೋಡುತ್ತ ನಿಂತೆ.

"ಏನ್ ಕೆಲ್ಸ ಮಾಡ್ತೀರಮ್ಮ?" ಅಂದ.

"ಬ್ಲೌಸ್ ಹೊಲೀತೀನಿ ಸಾರ್."

"ಹೌದಾ! ನಮ್ಮನೆಯವಳ ಬ್ಲೌಸು ಯಾವಾಗ್ಲೂ ಕಂಕುಳಲ್ಲಿ ಹಿಡಿಯುತ್ತೆ ಅಂತಾಳೆ. ಯಾಕಂತೀರಾ?"

ಮಗಳ ಸೀಟು ಇವನ ಕೈಯಲ್ಲಿದೆ. ಏನು ಮಾಡಲಿ? ಅವನದೇ ಕಾಗದದ ಮೇಲೆ ತೋಳಿನ ಕಟಿಂಗ್ ಬರೆದು ತೋರಿಸಿದೆ. ಎಲ್ಲ ಗಮನವಿಟ್ಟು ಕೇಳಿ, ಆ ಕಾಗದ ಮಡಿಸಿ ಜೇಬಿಗಿಟ್ಟುಕೊಂಡು "ನಾಳೆ ಬನ್ನಿ" ಅಂದ. ಅವನ ಹೆಂಡತಿಯ ತೊಂದರೆ ಆ ದಿನವೇ ಬಗೆಹರಿಯಿತು.

೩. ಸಾಕ್ಷಿ

ಮಂಗಳವಾರ ಹೋದರೆ, "ಈ ಹೆಸ್ರು ಬರೆಸಿದ್ದು ಯಾರು? ಅವ್ರನ್ನೇ ಕರ್ಕೊಂಡ್ಬನ್ನಿ" ಅಂದ.

ಬುಧವಾರ ಕೆಂಚಾರ್ಲಹಳ್ಳಿಗೆ ಹೋಗಿ, ಮಂಡಿನೋವಿನ ಅಮ್ಮನನ್ನು ಬಸ್ಸಿಗೆ ಹತ್ತಿಸಿ ಕರೆತಂದೆ. ಅವನು ಅಮ್ಮನಿಗೆ ಸ್ಟೂಲು ಹಾಕಿಸಿದ. ಅದೊಂದು ಮಾತ್ರ ಒಳ್ಳೆಯದು ಮಾಡಿದ.

"ಅಜ್ಜಿ, ಆವತ್ತು ತಪ್ಪು ಬರ್ಕೊಂಡ್ರು ಅನ್ನೋದಕ್ಕೆ ನಿಮ್ಮ ಹತ್ರ ಏನಾದ್ರೂ ಸಾಕ್ಷಿ ಇದೆಯಾ?"

"ಲೇದಪ್ಪಾ" ಅಂದಳು ಅಮ್ಮ.

ಅವನು ಟೇಬಲು ಗುದ್ದಿದ. "ನೋಡಿದ್ರಾ! ಹನ್ನೆರಡು ವರ್ಷ ಆದ್ಮೇಲೂ ಅದೇ ಹೆಸ್ರು ಹೇಳ್ತಾರೆ! ನಾನ್ ಹೆಂಗಮ್ಮ ತಿದ್ದೋದು?"

ಇಡೀ ರೂಮು ನಕ್ಕಿತು. ಯಾಕೆ ಅಂತ ತಿಳಿಯದೆ ಅಮ್ಮನೂ ನಕ್ಕಳು. ನನಗೆ ಅಲ್ಲೇ ಕೂತು ಗೊಳೋ ಅಂತ ಅಳಬೇಕು ಅನ್ನಿಸಿತು. ಕೂರಲು ಇದ್ದ ಒಂದು ಸ್ಟೂಲಿನಲ್ಲಿ ಅಮ್ಮ ಕೂತಿದ್ದಳು.

"ಶುಕ್ರವಾರ ಬನ್ನಿ, ನೋಡಣ" ಅಂದ.

೪. ಬೀರುವಿನಲ್ಲಿ ಭದ್ರ

ಶುಕ್ರವಾರ ಆ ಕುರ್ಚಿಯಲ್ಲಿ ಬೇರೆ ಯಾರೋ ಇದ್ದರು. ಕನ್ನಡಕ, ಇಸ್ತ್ರಿ ಮಾಡಿದ ಶರ್ಟು, ಗುಂಡಿಗಳೆಲ್ಲ ಅವುಗಳ ಕಾಜದಲ್ಲೇ.

"ನಿಮ್ಮ ಅರ್ಜಿ ಎಲ್ಲಮ್ಮ?" ಅಂತ ನನ್ನನ್ನೇ ಕೇಳಿದರು.

"ಈ ಕುರ್ಚೀಲಿ ಕೂತಿರ್ತಾರಲ್ಲ ಸಾರ್, ಅವ್ರಿಗೆ ಕೊಟ್ಟಿದೀನಿ."

"ಈ ಕುರ್ಚೀಲಿ ಕೂರೋನು ನಾನು. ಹತ್ತು ದಿನದಿಂದ ಟ್ರೈನಿಂಗ್‌ಗೆ ಹೋಗಿದ್ದೆ."

ಹಿಂದೆ ಯಾರೋ ಕೆಮ್ಮಿದರು. ತಿರುಗಿದರೆ ಅವನೇ! ಒಂದು ಅರ್ಜಿ ಹಿಡಿದು ಸಾಲಿನಲ್ಲಿ ನಿಂತಿದ್ದಾನೆ.

"ನಾನೂ ನಿಮ್ಮಂಗೇ ಬಂದೋನಮ್ಮ. ನಮ್ಮಪ್ಪಂದು ಮರಣ ಪತ್ರ ಬೇಕಿತ್ತು" ಅಂದ. "ಸಾಹೇಬ್ರು ಇರ್ಲಿಲ್ಲ. ಸೆಕೆ ಅಂತ ಫ್ಯಾನ್ ಕೆಳಗೆ ಕೂತೆ. ಯಾರೋ ಬಂದು ಅರ್ಜಿ ಕೊಟ್ರು. ಕೊಟ್ಟಾಗ ಬೇಡ ಅಂತ ಹೆಂಗನ್ನೋದು?"

"ಮತ್ತೆ ನಾಳೆ ಬನ್ನಿ, ನಾಳೆ ಬನ್ನಿ ಅಂತಿದ್ರಲ್ಲ!"

"ನಂಗೂ ಇಲ್ಲಿ ಹಂಗೇ ಅಂತಿದ್ರು. ಬೇರೆ ಏನಂತಾರೆ ಅಂತ ನಂಗೇನ್ ಗೊತ್ತಮ್ಮ?"

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನನ್ನ ಪಾಲಿಗೆ ಬಂದವನು ಪೂಜಾರಿಯೂ ಅಲ್ಲ, ಪ್ರಸಾದದ ಸಾಲಿನಲ್ಲಿ ನಿಂತವನು. ನಾನು ಬಾಯಿಗೆ ಬಂದಂತೆ ಬೈದೆ. ಅವನು ತಲೆ ತಗ್ಗಿಸಿ ಬೈಸಿಕೊಂಡು, ಕಂಕುಳಲ್ಲಿದ್ದ ಚೀಲದಿಂದ ಒಂದು ಕಟ್ಟು ತೆಗೆದ. ನನ್ನದೂ ಸೇರಿ ಹತ್ತು ದಿನಗಳ ಅರ್ಜಿಗಳು, ತಾರೀಕಿನ ಪ್ರಕಾರ ಜೋಡಿಸಿ, ದಾರ ಕಟ್ಟಿದ್ದ.

"ಕಳೆದ್ಹೋಗ್ಬಾರ್ದು ಅಂತ ದಿನಾ ಮನೆಗೆ ತಗೊಂಡೋಗಿ ಬೀರುನಲ್ಲಿ ಇಡ್ತಿದ್ದೆ."

ನಿಜವಾದ ಗುಮಾಸ್ತರು ಕಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ ನಿಟ್ಟುಸಿರು ಬಿಟ್ಟರು. "ಇಷ್ಟು ನೀಟಾಗಿ ನಮ್ಮ ಆಫೀಸ್‌ನಲ್ಲಿ ಯಾರೂ ಇಟ್ಟಿಲ್ಲ ಕಣಪ್ಪ."

೫. ಪಟ್ಟಿ

ಆ ಸಂಜೆಯೇ ತಿದ್ದಿದ ಪತ್ರ ಕೈಗೆ ಬಂತು. ಹೆಸರು: ಪವಿತ್ರ. ಶನಿವಾರ ಚಿಕ್ಕಬಳ್ಳಾಪುರದ ಆಫೀಸಿಗೆ ಕೊಟ್ಟೆವು. ಅವರು ಅದನ್ನು ಓದದೆ ಹಳೆಯ ಜೆರಾಕ್ಸಿನ ಹಿಂದೆ ಪಿನ್ ಮಾಡಿದರು. ಹಿಂದೆ! ನಾನು ನೋಡಿಯೂ ಸುಮ್ಮನಿದ್ದೆ. ಇವತ್ತಿಗೂ ನನ್ನನ್ನು ನಾನು ಬೈದುಕೊಳ್ಳುವುದು ಅದೊಂದಕ್ಕೆ.

ಎರಡು ವಾರದ ನಂತರ ಅದೇ ಆಫೀಸಿನಲ್ಲಿ ಪಟ್ಟಿ ಹಾಕಿದರು. ಹುಡುಗಿಯರ ಪಟ್ಟಿಯಲ್ಲಿ ಪವಿತ್ರ ಇಲ್ಲ. ಮೇಲಿಂದ ಕೆಳಗೆ ಮೂರು ಸಲ ಓದಿದೆ. ಮಗಳ ಮುಖ ನೋಡುವ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಅವಳು ಪಕ್ಕದ ಪಟ್ಟಿಯ ಮೇಲೆ ಬೆರಳಿಟ್ಟು ಕೂಗಿದಳು.

"ಅಮ್ಮಾ, ಸೆಲೆಕ್ಟ್ ಆಗಿದೀನಿ ಕಣಮ್ಮಾ! ಹುಡುಗ್ರಲ್ಲಿ!"

ಹುಡುಗರ ಪಟ್ಟಿ, ಮೂರನೇ ಹೆಸರು: ಲೇದಪ್ಪ, ಜಂಗಮಕೋಟೆ.

ಹುಡುಗರ ಪಟ್ಟಿಗೆ ಹೋದ ಸೀಟು ಹುಡುಗಿಯರ ಪಟ್ಟಿಗೆ ಕೊನೆಗೂ ಬರಲಿಲ್ಲ. ಕ್ಯಾನ್ವಾಸ್ ಶೂ ಅವಳ ಕಾಲಿಗೆ ಚಿಕ್ಕದಾಗುವವರೆಗೂ ದಿಂಬಿನ ಪಕ್ಕದಲ್ಲೇ ಇತ್ತು. ಆದರೆ ಅದು ಆಮೇಲಿನ ಮಾತು. ಆ ದಿನ ನನಗಿನ್ನೂ ಆಸೆ ಇತ್ತು. ಇದನ್ನು ಯಾರ ಹತ್ತಿರ ತಿದ್ದಿಸಬೇಕು ಅಂತ ಬಾಗಿಲಲ್ಲಿದ್ದವರನ್ನು ಕೇಳಿದೆ. "ಒಳಗೆ ಕುರ್ಚೀಲಿ ಕೂತಿದಾರಲ್ಲ, ಅವ್ರಿಗೆ ಅರ್ಜಿ ಕೊಡಿ" ಅಂದರು.

ಒಂದು ಅರ್ಜಿ ಬರೆಸಿಕೊಂಡು ಹೋದೆ. ಒಳಗೆ ಫ್ಯಾನಿನ ಕೆಳಗೆ ಒಬ್ಬರು ಪೇಪರ್ ಓದುತ್ತ ಕೂತಿದ್ದರು. ಈ ಸಲ ನಾನು ಮೋಸ ಹೋಗುವವಳಲ್ಲ. ಮೊದಲು ಗುಂಡಿ ನೋಡಿದೆ, ಸರಿಯಾಗಿದ್ದವು. ಆದರೂ ಅರ್ಜಿಯನ್ನು ಸೆರಗಿನಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಕೇಳಿದೆ, "ಸ್ವಾಮಿ, ಮೊದ್ಲು ಇದೊಂದು ಹೇಳ್ಬಿಡಿ. ನೀವು ಈ ಆಫೀಸಲ್ಲಿ ಕೆಲ್ಸ ಮಾಡ್ತಿದೀರಾ?"

ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

"ಲೇದಮ್ಮಾ" ಅಂದರು.