ಕೋಳಿಮರಿಯ ಕಾಲಿಗೆ ಕರಿಬಿಳಿ ದಾರ

ತಪ್ಪೆಲ್ಲ ಆ ಎನಾಮಲ್ ಬೇಸಿನ್ನಿನದು. ಮುಕಾಶನಿಗೆ ಎಳ್ಳಷ್ಟು ತಿಳಿವಳಿಕೆ ಇದ್ದಿದ್ದರೆ ಆಗತಾನೇ ಮೊಟ್ಟೆಯೊಡೆದು ಬಂದ ಕೋಳಿಮರಿಯನ್ನು ಅಂಥ ನುಣುಪು ಪಾತ್ರೆಯಲ್ಲಿ, ಅದಕ್ಕಿಂತ ನುಣುಪಾದ ಪೇಪರು ಹಾಸಿ, ಮೂರು ದಿನ ಇಡುತ್ತಿರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ನೋಡಿದರೆ ಮರಿಯ ಒಂದು ಕಾಲು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ಹೊಟ್ಟೆಯನ್ನು ನೆಲಕ್ಕೆ ಅಂಟಿಸಿಕೊಂಡು ಅದು ಕಿಂವ್ ಕಿಂವ್ ಅನ್ನುತ್ತಿತ್ತು. ಎತ್ತಿ ನಿಲ್ಲಿಸಿದರೆ ಮತ್ತೆ ಜಾರಿ ಬೋರಲು.

ಬೇರೆ ಯಾರೇ ಆಗಿದ್ದರೂ ಬೆಕ್ಕಿನ ಮುಂದೆ ಹಾಕಿ ಕೈತೊಳೆದುಕೊಳ್ಳುತ್ತಿದ್ದರು. ಮುಕಾಶನಿಗೆ ಅದು ಸಾಧ್ಯವಿರಲಿಲ್ಲ. ಅವನ ಸಂಸಾರ ಈಗ ಆ ಮರಿಯ ಎರಡು ಕಾಲಿನ ಮೇಲೆ ನಿಂತಿತ್ತು.

ನಲವತ್ತು ದಿನದ ಹಿಂದೆ ಅವನ ಹೆಂಡತಿ ಬುರುಲ್ಚಾ ನಾರಿನ್ ಪೇಟೆಯಲ್ಲಿರುವ ತಮ್ಮನ ಮನೆಗೆ ಹೋಗಿಬಿಟ್ಟಿದ್ದಳು. ಜಗಳ ಆಗಿರಲಿಲ್ಲ, ಒಂದು ಬಟ್ಟಲೂ ಒಡೆದಿರಲಿಲ್ಲ. ರೊಟ್ಟಿಯ ಹಿಟ್ಟು ನಾದುತ್ತಿದ್ದವಳು ನಡುವೆಯೇ ನಿಲ್ಲಿಸಿ, "ಹದಿನಾಲ್ಕು ವರ್ಷ ಆಯ್ತುರೀ. ಈ ಅಂಗಳದಲ್ಲಿ ಒಂದು ಪುಟ್ಟ ಜೀವ ಓಡಾಡಿದ್ದನ್ನ ನಾನು ನೋಡಲಿಲ್ಲ. ನನಗೆ ಸಾಕಾಯ್ತು" ಅಂದವಳೇ ಕೈತೊಳೆದು ಹೊರಟಿದ್ದಳು. ಬಳಗದವರಲ್ಲಿ ಯಾರ ಹತ್ತಿರವಾದರೂ ಒಂದು ಮಗು ಕೇಳಿ ತಂದು ಸಾಕೋಣ ಅಂತ ಅವಳು ಎಷ್ಟೋ ಸಲ ಹೇಳಿದ್ದಳು. "ನೋಡೋಣ, ನೋಡೋಣ" ಅನ್ನುತ್ತಲೇ ಮುಕಾಶ ವರ್ಷ ತಳ್ಳಿದ್ದ.

ಅವಳ ಕೊನೆಯ ಮಾತನ್ನು ಮಾತ್ರ ಅವನು ಶ್ರದ್ಧೆಯಿಂದ ಕೇಳಿಸಿಕೊಂಡಿದ್ದ. ಅಂಗಳದಲ್ಲಿ ಪುಟ್ಟ ಜೀವ ಓಡಾಡಬೇಕು, ಅಷ್ಟೇ ತಾನೆ? ಹನ್ನೊಂದು ಮೊಟ್ಟೆಯ ಮೇಲೆ ಹೇಂಟೆಯನ್ನು ಕಾವಿಗೆ ಕೂರಿಸಿದ. ಗಂಡಸರಿಗೆ ಕಿವಿ ಕೊಟ್ಟ ದೇವರು ಬೇರೆ ಏನನ್ನೋ ಕೊಡಲು ಮರೆತಿದ್ದಾನೆ ಅಂತ ನಮ್ಮೂರ ಹೆಂಗಸರು ಹೇಳುವುದು ಇಂಥದ್ದಕ್ಕೇ. ಹತ್ತು ಮೊಟ್ಟೆ ಕೊಳೆತವು. ಹನ್ನೊಂದನೆಯದರಿಂದ ಈ ಮಹಾರಾಯ ಬಂದ. ಬಂದವನನ್ನು ಹೇಂಟೆ ಕುಕ್ಕಿ ಓಡಿಸಿತು. ಹಾಗಾಗಿ ಬೇಸಿನ್ನು.

ಅದೇ ಬೆಳಿಗ್ಗೆ ಭಾವಮೈದುನ ಎಸೆನ್‌ನ ಫೋನು ಬಂತು. "ಭಾವ, ಅಕ್ಕ ಇವತ್ತು ಸಾಯಂಕಾಲದ ವ್ಯಾನಿಗೆ ಬರ್ತಾಳೆ. ಖುಷಿಪಡಬೇಡಿ. ತನ್ನ ಕೌದಿಗಳನ್ನ ತಗೊಂಡು ಹೋಗೋಕೆ ಬರ್ತಿರೋದು."

ಮುಕಾಶ ಬೆಂಚಿನ ಮೇಲೆ ಕುಸಿದು ಕೂತ. ಮದುವೆಯಲ್ಲಿ ಹೆಣ್ಣು ತಂದ ಕೌದಿ ಮನೆಯ ಹೊಸಿಲು ದಾಟಿತೆಂದರೆ ಆ ಮದುವೆಯಲ್ಲಿ ಮತ್ತೇನೂ ಉಳಿದಿಲ್ಲವೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಸಾಯಂಕಾಲ ಅವಳು ಒಳಗೆ ಕಾಲಿಟ್ಟಾಗ ಈ ಮರಿ ಅವಳ ಮುಂದೆ ಪುಟುಪುಟು ನಡೆಯಬೇಕು, ಅವಳ ಮನಸ್ಸು ಕರಗಬೇಕು. ಇದು ಅವನ ಯೋಜನೆ. ಬಡ ಯೋಜನೆಯೇ, ಆದರೆ ಅವನ ಹತ್ತಿರ ಬೇರೊಂದು ಇರಲಿಲ್ಲ.

ಕುದುರೆ ಓಡಿಹೋಗದಿರಲೆಂದು ಮುಂಗಾಲು ಕಟ್ಟುವ ಊರು ನಮ್ಮದು. ಕಾಲು ಅಗಲವಾಗದಂತೆ ಕಟ್ಟಿದರೆ ಮರಿ ನಿಂತೀತು ಅಂತ ಅವನಿಗೆ ಹೊಳೆಯಿತು. ಅವನ ಬದುಕಿನಲ್ಲಿ ಹೊಳೆದ ಒಂದೇ ಒಂದು ಸರಿಯಾದ ಉಪಾಯ ಅದು. ಪಕ್ಕದ ಮನೆಯ ಕಲ್ಬುಬುವಿನ ಬಾಗಿಲು ತಟ್ಟಿದ.

"ಅಕ್ಕ, ಒಂದು ಗೇಣು ಉಣ್ಣೆ ದಾರ ಕೊಡ್ತೀರಾ? ಮೆತ್ತಗಿರೋದು."

"ಯಾಕಪ್ಪ?"

"ಸುಮ್ಮನೆ."

ಕೋಳಿಮರಿಗೆ ಅಂತ ಹೇಳಲು ಅವನಿಗೆ ನಾಚಿಕೆ. ಶಾಲೆಯ ಬಾಯ್ಲರಿಗೆ ಕಲ್ಲಿದ್ದಲು ಹಾಕುವವನು ಅಂತ ಮೊದಲೇ ಅವನಿಗೆ ಊರಲ್ಲಿ ಮರ್ಯಾದೆ ಅಷ್ಟಕ್ಕಷ್ಟೆ. ಕುದುರೆಯ ಮಾತಾಡುವ ಗಂಡಸರ ನಡುವೆ ಕೋಳಿಯ ಮಾತೆತ್ತಿದರೆ ಮುಗಿಯಿತು.

"ಸುಮ್ಸುಮ್ಮನೆ ಉಣ್ಣೆ ಕೇಳೋ ಗಂಡಸನ್ನ ಈ ಅರವತ್ತು ವರ್ಷದಲ್ಲಿ ನಾನು ನೋಡಿಲ್ಲ" ಅಂದಳು ಕಲ್ಬುಬು. "ಬಿಳೀದು ಇಷ್ಟೇ ಇರೋದು. ಕರೀದೂ ಒಂದು ತುಂಡು ತಗೊಂಡು ಹೋಗು."

ಒಂಟಿ ಎಳೆ ಮರಿಯ ಕಾಲನ್ನು ಕೊಯ್ದೀತೆಂದು ಮುಕಾಶ ಕರಿದನ್ನೂ ಬಿಳಿದನ್ನೂ ಸೇರಿಸಿ, ತನ್ನ ಅಂಗಳದಲ್ಲಿ ಕೂತು ತೊಡೆಯ ಮೇಲಿಟ್ಟು ಹೊಸೆದ. ಬೇಲಿಯ ಸಂದಿಯಲ್ಲಿ ಕಲ್ಬುಬುವಿನ ಕಣ್ಣಿತ್ತು. ಆ ಕಣ್ಣು ಅಲ್ಲಿರದ ದಿನವೇ ಇಲ್ಲ.

ಕರಿಬಿಳಿ ಎಳೆ ಸೇರಿಸಿ ಹೊಸೆದ ದಾರಕ್ಕೆ ನಮ್ಮ ಕಡೆ ಇರುವುದು ಒಂದೇ ಕೆಲಸ. ಮಗು ಮೊದಲ ಹೆಜ್ಜೆ ಇಡಲು ಶುರುಮಾಡಿದಾಗ ಅದರ ಕಾಲಿಗೆ ಆ ದಾರ ಕಟ್ಟಿ ನಿಲ್ಲಿಸುತ್ತಾರೆ. ಊರಿನ ಮಕ್ಕಳೆಲ್ಲ ದೂರದಿಂದ ಓಡಿಬರುತ್ತವೆ, ಮೊದಲು ಮುಟ್ಟಿದವರು ದಾರ ಕತ್ತರಿಸುತ್ತಾರೆ. ಆಮೇಲೆ ಆ ಮಗು ಬದುಕಿನಲ್ಲಿ ಎಡವುವುದಿಲ್ಲವಂತೆ. ನಮ್ಮೂರಿನಲ್ಲಿ ಎಲ್ಲರಿಗೂ ಕತ್ತರಿಸಿದ್ದಾರೆ. ಎಡವದವರನ್ನು ನಾನು ಇನ್ನೂ ನೋಡಬೇಕು.

ಕಲ್ಬುಬು ಬೇಲಿಗೆ ಕಿವಿಯನ್ನೂ ಹಚ್ಚಿದಳು. ಅಷ್ಟರಲ್ಲಿ ಒಳಗೆ ಹೋದ ಮುಕಾಶನ ದನಿ ಬಂತು. "ನಿಲ್ಲು ನನ್ನ ಕುದುರೆಮರಿ... ಹಾಂ, ಹಾಗೆ. ಒಂದೇ ಒಂದು ಹೆಜ್ಜೆ ಇಡು ನನ್ನ ರಾಜ. ಸಾಯಂಕಾಲ ಅಮ್ಮ ಬರ್ತಾಳೆ, ಅವಳ ಮುಂದೆ ಬಿದ್ದು ಮಾನ ಕಳೀಬೇಡ."

ಹೆಂಡತಿ ಮನೆಬಿಟ್ಟಿದ್ದಾಳೆ. ಒಳಗೆ ನಡೆಯಲು ಕಲಿಯುವ ಮಗು. ಅಂದರೆ ಮಗುವಿಗೆ ಒಂದು ವರ್ಷ. ಅಂದರೆ ಎಲ್ಲೋ ಒಬ್ಬಳು ಇದ್ದಾಳೆ. ಅಂದರೆ ಬುರುಲ್ಚಾ ಮನೆಬಿಟ್ಟಿದ್ದು ಇದಕ್ಕೇ! ಕಲ್ಬುಬು ನಾಲ್ಕು ಜನಕ್ಕೆ ಫೋನು ಮಾಡಿದಳು. ಮೂರು ಕರೆ ಊರಿಗೆ ಸಾಕಾಯಿತು. ನಾಲ್ಕನೆಯದು ನಾರಿನ್‌ನಲ್ಲಿರುವ ಅವಳ ಚಿಕ್ಕಮ್ಮನ ಮಗಳಿಗೆ. ಆಕೆಯ ಮನೆ ಇರುವುದು ಎಸೆನ್‌ನ ಎದುರಿಗೇ.

ಮಧ್ಯಾಹ್ನ ಮುಕಾಶ ಮರಿಯನ್ನು ಬೆಚ್ಚಗಿರಲೆಂದು ತನ್ನ ಎತ್ತರದ ಕಲ್ಪಾಕ್ ಟೋಪಿಯೊಳಗೆ ಕೂರಿಸಿ, ಟೋಪಿಯನ್ನು ತಲೆಯ ಮೇಲಿಟ್ಟುಕೊಂಡು ಬಾಯ್ಲರ್ ನೋಡಲು ಶಾಲೆಗೆ ಹೋದ. ಎಂದೂ ಅವನತ್ತ ತಿರುಗಿ ನೋಡದ ವ್ಯಾಯಾಮದ ಮೇಷ್ಟ್ರು ಓಡಿಬಂದು ಎರಡೂ ಕೈ ಹಿಡಿದು ಕುಲುಕಿದರು.

"ಮುಕಾಶಣ್ಣ! ನಿಮ್ಮನ್ನ ನಾವೆಲ್ಲ ಏನೋ ಅಂದ್ಕೊಂಡಿದ್ವಿ. ಹುಲಿ ಕಣ್ರೀ ನೀವು!"

"ಬಾಯ್ಲರ್ ಕೆಟ್ಟಿತ್ತಾ?"

"ಬಾಯ್ಲರ್ ಮನೆ ಹಾಳಾಗ್ಲಿ. ಎಷ್ಟು ಸಲೀಸಾಗಿ ಮುಚ್ಚಿಟ್ರಿ! ಟೋಪಿ ತೆಗೀರಿ, ನಿಮ್ಮ ಹಣೆಗೊಂದು ಮುತ್ತು ಕೊಡ್ತೀನಿ."

"ಟೋಪಿ ಬೇಡ" ಅಂತ ಮುಕಾಶ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಹಿಂದೆ ಸರಿದ. ದಾರಿಯುದ್ದಕ್ಕೂ ಗಂಡಸರು ಎದ್ದು ನಿಂತು ಸಲಾಮು ಹೇಳಿದರು. ನಲವತ್ತಾರು ವರ್ಷದಲ್ಲಿ ಸಿಗದ ಮರ್ಯಾದೆ ಒಂದೇ ಮಧ್ಯಾಹ್ನ ಸಿಕ್ಕಿತು. ಒಳ್ಳೆಯ ಶಕುನ ಅಂದುಕೊಂಡ ಆ ಪೆದ್ದ.

ನಾಲ್ಕು ಗಂಟೆಗೆ ಮನೆಗೆ ಬಂದರೆ ಅಂಗಳ ತುಂಬಾ ಜನ. ಹೆಂಗಸರು ಆಗತಾನೇ ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ ಬೋರ್ಸೋಕ್‌ನ ತಟ್ಟೆಗಳನ್ನು ಹಿಡಿದು ನಿಂತಿದ್ದರು. ಬಿಳಿಗಡ್ಡದ ದೋರೊನ್‌ಬೆಕ್ ಅಜ್ಜ, ಊರಿನ ಹಿರಿಯ, ಕೊಬ್ಬಿದ ಕುರಿಮರಿಯೊಂದನ್ನು ಹಗ್ಗ ಹಿಡಿದು ತಂದಿದ್ದ. ರಸ್ತೆಯ ಆ ತುದಿಯಲ್ಲಿ ಕಲ್ಬುಬು ಇಪ್ಪತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದಳು.

"ಕದ್ದು ಮಾಡ್ತೀಯೇನೋ?" ಅಂದ ಅಜ್ಜ. "ಯಾರ ಹೊಟ್ಟೇಲಿ ಹುಟ್ಟಿದ್ರೂ ಅದು ನಮ್ಮೂರ ಮಗು. ಕಾಲಿನ ದಾರ ಕತ್ತರಿಸೋಕೆ ಊರೇ ಬರ್ಬೇಕು. ಮಗೂನ ಕರ್ಕೊಂಡು ಬಾ."

"ಯಾವ ಮಗು ಅಜ್ಜ?"

"ನೋಡು, ತಪ್ಪು ಮಾಡಿದ್ದೀಯ, ಆಯ್ತು. ಅದನ್ನ ಊರು ಕ್ಷಮಿಸುತ್ತೆ. ಹೆತ್ತ ಮಗೂನ ಇಲ್ಲ ಅಂದ್ರೆ ಮಾತ್ರ ಕ್ಷಮಿಸಲ್ಲ."

"ಅಜ್ಜ, ಇರೋದು ಇದೊಂದೇ" ಅಂತ ಮುಕಾಶ ಟೋಪಿ ತೆಗೆದ. ಮರಿಯನ್ನು ಅಂಗೈ ಮೇಲಿಟ್ಟು ತೋರಿಸಿದ. ಎರಡು ಹುಲ್ಲುಕಡ್ಡಿಯಂಥ ಕಾಲು, ನಡುವೆ ಕರಿಬಿಳಿ ದಾರ.

ಅಂಗಳದಲ್ಲಿದ್ದವರೆಲ್ಲ ಬಗ್ಗಿ ನೋಡಿದರು. ಆಮೇಲೆ ಅಜ್ಜನ ಗಡ್ಡ ಅದುರಿತು. "ನಮ್ಮ ಮುತ್ತಾತಂದಿರ ಶಾಸ್ತ್ರಾನ ಕೋಳಿಗೆ ಮಾಡ್ತೀಯೇನೋ ಅಯೋಗ್ಯ? ನಾಳೆ ಕತ್ತೆಗೆ ಮದುವೆ ಮಾಡ್ತೀಯಾ?" ಕುರಿಮರಿಯ ಹಗ್ಗ ಎಳೆದುಕೊಂಡ. ಹೆಂಗಸರು ಬೋರ್ಸೋಕ್ ತಟ್ಟೆಗೆ ಬಟ್ಟೆ ಮುಚ್ಚಿದರು. ಕೊಟ್ಟಿದ್ದನ್ನು ವಾಪಸು ತೆಗೆದುಕೊಳ್ಳುವುದರಲ್ಲಿ ನಮ್ಮೂರು ಎಂದೂ ಹಿಂದೆ ಬಿದ್ದಿಲ್ಲ.

ಆದರೆ ರಸ್ತೆಯ ತುದಿಗೆ ಈ ಸುದ್ದಿ ಮುಟ್ಟಿರಲಿಲ್ಲ. ಕಲ್ಬುಬು "ಓಡಿ!" ಅಂದಳು. ಇಪ್ಪತ್ತು ಮಕ್ಕಳು ಧೂಳೆಬ್ಬಿಸಿಕೊಂಡು ನುಗ್ಗಿದವು. ಮುಂದಿದ್ದ ಹುಡುಗಿಯ ಕೈಯಲ್ಲಿ ಕತ್ತರಿ. ಅಷ್ಟು ದೂರ ಓಡಿ ಗೆದ್ದವಳಿಗೆ ಮಗುವಾದರೇನು, ಕೋಳಿಯಾದರೇನು? ಮುಕಾಶ "ಬೇಡಮ್ಮ, ಇನ್ನೂ ಒಂದು ದಿನ" ಅನ್ನುವಷ್ಟರಲ್ಲಿ ದಾರ ಕತ್ತರಿಸಿದಳು.

ಮರಿ ನೆಲಕ್ಕೆ ಬಿತ್ತು. ಎದ್ದಿತು. ಕಾಲೆರಡೂ ಕೆಳಗೇ ಇದ್ದವು. ತೂರಾಡುತ್ತಾ ಒಂದು ಹೆಜ್ಜೆ, ಎರಡು, ಮೂರು. ಮುಕಾಶ ನೆಲದ ಮೇಲೆ ಕೂತು ಅತ್ತುಬಿಟ್ಟ. "ನಡೀತು! ನೋಡ್ರೋ, ನಡೀತು!"

ಆಗಲೇ ವ್ಯಾನು ಬಂದು ನಿಂತಿದ್ದು.

ಬುರುಲ್ಚಾ ಅಂಗಳದ ಬಾಗಿಲಲ್ಲಿ ನಿಂತಿದ್ದಳು. ಕೌದಿ ಕಟ್ಟಲು ಹಗ್ಗ ತಂದಿರಲಿಲ್ಲ. ಕೈಯಲ್ಲಿ ಮಿಠಾಯಿಯ ಚೀಲ. ಮನೆಗೆ ಹೊಸ ಜೀವ ಬಂದಾಗ ಎರಚುವ ಹಾಗೆ ಎರಡೂ ಕೈಯಲ್ಲಿ ಬಾಚಿ ಬಾಚಿ ಜನರ ತಲೆಯ ಮೇಲೆ ಎರಚಿದಳು. ಮಕ್ಕಳು ಬಿದ್ದು ಹೊರಳಾಡಿ ಆರಿಸಿಕೊಂಡವು. ಅವಳ ಮುಖ ಮದುವೆಯ ದಿನವೂ ಅಷ್ಟು ಅರಳಿರಲಿಲ್ಲ.

"ಎಲ್ಲಿರೀ? ಮಗು ಎಲ್ಲಿ?" ಅಂದಳು. "ಹೆದರಬೇಡಿ. ನಾನು ಜಗಳಕ್ಕೆ ಬಂದಿಲ್ಲ. ಅವಳು ಯಾರು ಅಂತಾನೂ ಕೇಳಲ್ಲ. ಅವಳ ಕಾಲು ಹಿಡಿದಾದ್ರೂ ಮಗೂನ ನಾನೇ ಇಟ್ಕೊತೀನಿ. ದಾರಿಯುದ್ದಕ್ಕೂ ಅದನ್ನೇ ಯೋಚನೆ ಮಾಡ್ಕೊಂಡು ಬಂದೆ. ನಾನು ಇಲ್ಲೇ ಇರ್ತೀನಿ ಇನ್ನು. ಮಗು ತೋರಿಸಿ."

ಬುದ್ಧಿ ಇದ್ದವನಾಗಿದ್ದರೆ ಆ ಗಳಿಗೆಯಲ್ಲಿ ಬಾಯಿ ಮುಚ್ಚಿಕೊಂಡು ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತಿದ್ದ. ಮುಕಾಶನಿಗೆ ಕಂಡಿದ್ದು ತನ್ನ ಮಾನ ಉಳಿಸಿಕೊಳ್ಳುವ ದಾರಿ.

"ದೇವರಾಣೆ ಬುರುಲ್ಚಾ, ಮಗು ಇಲ್ಲ! ಎಲ್ಲಾ ಸುಳ್ಳು. ನಾನು ನಿನಗೆ ಮೋಸ ಮಾಡಿಲ್ಲ. ಇದು ಕೋಳಿಮರಿ. ನೋಡು, ನಡೀತಿದೆ!"

ಅವಳ ಕೈ ಮಿಠಾಯಿಯ ಚೀಲದೊಳಗೇ ನಿಂತಿತು. ಸದಾ ಪರರ ಮನೆ ಮುರಿಯುವ ನಮ್ಮ ಜನಕ್ಕೆ ಅವತ್ತೇ, ಆ ಗಳಿಗೆಯಲ್ಲೇ, ಒಂದು ಮನೆ ಉಳಿಸುವ ಹುಮ್ಮಸ್ಸು ಬರಬೇಕೆ?

"ತಪ್ಪು ನಂದೇ ಕಣಮ್ಮ" ಅಂತ ಕಲ್ಬುಬು ಎದೆ ಬಡಿದುಕೊಂಡಳು. "ನಿನ್ನ ಗಂಡ ಅಪರಂಜಿ. ಬೇಲಿ ಸಂದೀಲಿ ನೋಡ್ತಾನೇ ಇರ್ತೀನಲ್ಲ, ಒಂದು ಹೆಣ್ಣು ನೊಣಾನೂ ಒಳಗೆ ಬಂದಿಲ್ಲ."

"ಊರಲ್ಲಿ ಇವನಷ್ಟು ನಿರಪರಾಧಿ ಇನ್ನೊಬ್ಬನಿಲ್ಲ ತಾಯಿ" ಅಂದ ಅಜ್ಜ. "ಕುರಾನ್ ಮುಟ್ಟಿ ಹೇಳ್ತೀನಿ."

"ಅಂಥ ಕೆಲಸಕ್ಕೆ ಧೈರ್ಯ ಎಲ್ಲಿದೆ ಅಕ್ಕ ಇವರಿಗೆ?" ಅಂದರು ವ್ಯಾಯಾಮದ ಮೇಷ್ಟ್ರು.

ಒಬ್ಬೊಬ್ಬರು ಸಾಕ್ಷಿ ಹೇಳಿದಾಗಲೂ ಮುಕಾಶ ಕಣ್ಣೊರೆಸಿಕೊಂಡು ಕೃತಜ್ಞತೆಯಿಂದ ತಲೆಯಾಡಿಸುತ್ತಿದ್ದ. ಬುರುಲ್ಚಾ ಎಲ್ಲರ ಮಾತು ಮುಗಿಯುವವರೆಗೂ ಕೇಳಿದಳು. ಮರಿಯನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು.

"ಆ ಒಂದು ತಪ್ಪನ್ನಾದ್ರೂ ಮಾಡಬಾರದಿತ್ತೇನ್ರೀ?" ಅಂದಳು.

ಒಳಗೆ ಹೋಗಿ ಕೌದಿಗಳನ್ನು ಹೊರಗೆ ತಂದಳು. ಆರು ಕೌದಿ. ಒಬ್ಬಳಿಂದ ಒಂದೇ ಸಲಕ್ಕೆ ಅಷ್ಟನ್ನೂ ಹೊರಲಾಗಲಿಲ್ಲ. ವ್ಯಾನಿನವನು ಹಾರನ್ ಬಾರಿಸುತ್ತಿದ್ದ. ಕೊನೆಯ ಎರಡನ್ನು ಮುಕಾಶನೇ ಹೊತ್ತುಕೊಂಡು ಹೋಗಿ, ಧೂಳು ಕೊಡವಿ, ಅವಳ ಪಕ್ಕದ ಸೀಟಿನಲ್ಲಿ ಇಟ್ಟು ಬಂದ.